ಕೋಲಾರದ ಆಳದಲ್ಲಿ ಕಾಯಿಸಿದ ಬಂಡೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಸವೆಂದರೆ ಗೊಬ್ಬರದ ಗುಂಡಿಗೆ ಹೋಗುವಂಥದ್ದು. ಕೊಟ್ಟಿಗೆಗೆ ಹಾಸಿದ ಸೊಪ್ಪು ವರ್ಷ ಕಳೆಯುವುದರೊಳಗೆ ಕಪ್ಪಗಾಗಿ ಅಡಿಕೆ ಮರದ ಬುಡ ಸೇರುತ್ತದೆ. ಅಣುಸ್ಥಾವರದ ಕಸ ಹಾಗೆ ಕೊಳೆಯುವುದಿಲ್ಲ. ಉರಿದ ಇಂಧನದಲ್ಲಿರುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು ಸುಮಾರು 24,100 ವರ್ಷ ಬೇಕು.

ನಮ್ಮ ದೇಶದಲ್ಲಿ ಈ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸಿ, ಆಮೇಲೆ ಕರಗಿಸಿ, ಯುರೇನಿಯಂ ಮತ್ತು ಪ್ಲುಟೋನಿಯಂ ತೆಗೆದುಕೊಳ್ಳುತ್ತಾರೆ. ಉಳಿದ ವಿಷದ್ರವವನ್ನು ಗಾಜಿನಲ್ಲಿ ಬೆರೆಸಿ, ಉಕ್ಕಿನ ಡಬ್ಬಿಗಳಿಗೆ ತುಂಬಿಡುತ್ತಾರೆ. ಆ ಗಾಜು ದಶಕಗಳ ಕಾಲ ಬಿಸಿಯಾಗಿಯೇ ಇರುತ್ತದೆ. ಕೊನೆಗೊಂದು ದಿನ ಅದನ್ನು ನೆಲದಾಳದ ಬಂಡೆಯಲ್ಲಿ ಹುದುಗಿಸಬೇಕೆಂಬುದು ಯೋಜನೆ. ಆದರೆ ಆ ಶಾಖಕ್ಕೆ ಬಂಡೆ ಬಿರುಕು ಬಿಟ್ಟರೆ?

ಈ ಪ್ರಶ್ನೆ ವಿಜ್ಞಾನಿಗಳನ್ನು ಕೋಲಾರದ ಚಿನ್ನದ ಗಣಿಗೆ ಕರೆತಂದಿತು. 1980ರ ದಶಕದಲ್ಲಿ ಗಣಿಯ ಸುಮಾರು 1,000 ಮೀಟರ್ ಆಳದಲ್ಲಿ, ಬಂಡೆಗೆ ರಂಧ್ರ ಕೊರೆದು, ವಿದ್ಯುತ್ ಹೀಟರುಗಳನ್ನಿಳಿಸಿ ಕಾಯಿಸಿದರು. ಇಳಿಸಿದ್ದು ಹೀಟರುಗಳನ್ನಷ್ಟೆ, ಕಸವನ್ನಲ್ಲ. (ಇದೇ ಗಣಿಯ ಇನ್ನೂ ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು ಸಿಕ್ಕಿತ್ತು. ಚಿನ್ನಕ್ಕಾಗಿ ತೋಡಿದ ಗುಂಡಿ ಏನೇನಕ್ಕೆಲ್ಲ ಒದಗಿತು!)

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅಲ್ಲಿನ ಕಸಕ್ಕೆ ಕೋಲಾರದ ಪಾಳು ಗಣಿ ಆಗಬಹುದೆಂಬ ಮಾತು ಬಂತು. ಕೋಲಾರದ ಜನ ಬೀದಿಗಿಳಿದರು. ಅಂಥ ಯೋಚನೆಯೇ ಇಲ್ಲವೆಂದು ಸರ್ಕಾರ ಹೇಳಿತು.

ಇದನ್ನು ಅಜ್ಞಾನದ ಭಯವೆಂದು ತಳ್ಳಿಹಾಕಿದವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಕೆಜಿಎಫ್‌ನವರಿಗೆ ಕಸದ ಅನುಭವ ವಿಜ್ಞಾನಿಗಳಿಗಿಂತ ಹಳೆಯದು. ಅದಿರು ಪುಡಿಮಾಡಿ, ಸಯನೈಡಿನಿಂದ ಚಿನ್ನ ತೆಗೆದು ಬಿಸುಟ ಮಣ್ಣು ಮೂರು ಕೋಟಿ ಟನ್ನಿಗೂ ಹೆಚ್ಚು. ಅದೇ ಊರ ನಡುವಿನ ‘ಸಯನೈಡ್ ದಿಬ್ಬ’ಗಳು. ಚಿನ್ನ ಹೋದದ್ದು ಬೇರೆಡೆಗೆ, ಮಣ್ಣು ಉಳಿದದ್ದು ಇವರ ಪಾಲಿಗೆ. ಬರೀ ನೂರಿಪ್ಪತ್ತು ವರ್ಷದ ಈ ಕಸಕ್ಕೇ ಹೊಣೆಗಾರರು ಸಿಗದಿರುವಾಗ, ಸಾವಿರಾರು ವರ್ಷದ ಕಾವಲಿನ ಮಾತನ್ನು ಅವರು ಯಾಕೆ ನಂಬಬೇಕು? ಬೇಸಿಗೆಯ ಗಾಳಿಯೆದ್ದರೆ ದಿಬ್ಬದ ಬೂದುಬಣ್ಣದ ಧೂಳು ಈಗಲೂ ಕಾರ್ಮಿಕರ ಹಳೆಯ ಲೈನ್ ಮನೆಗಳತ್ತ ಹಾರುತ್ತದೆ.