ಸರ್ಕಾರದ ಲೆಕ್ಕ ನೋಡುವವರು ಯಾರು?



ಸರ್ ಸಿ.ವಿ. ರಾಮನ್ ಎಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರು ಮತ್ತು ನೊಬೆಲ್ ಬಹುಮಾನ. ಆದರೆ ಅವರ ಮೊದಲ ನೌಕರಿ ಯಾವುದು ಗೊತ್ತೆ? 1907ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವರು ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಸೇರಿದರು. ಹಗಲೆಲ್ಲ ಸರ್ಕಾರದ ಲೆಕ್ಕ, ಬೆಳಗಿನ ಜಾವ ಮತ್ತು ಸಂಜೆ ಪ್ರಯೋಗಶಾಲೆ. ಹತ್ತು ವರ್ಷ ಹೀಗೆ ದುಡಿದು 1917ರಲ್ಲಿ ಆ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು. ನಾವು ಮನೆಮಾತಿನಲ್ಲಿ ‘ಎಜೀಸ್ ಆಫೀಸು’ ಎನ್ನುತ್ತೇವಲ್ಲ, ಅದರ ಹಿಂದಿನ ಪೀಳಿಗೆಯ ಇಲಾಖೆ ಅದು. ನಮ್ಮ ನಿಮ್ಮ ನಗರಗಳಲ್ಲಿ ಅಲ್ಲಿ ದುಡಿಯುವ ಕನ್ನಡಿಗರು ಬೇಕಾದಷ್ಟು ಮಂದಿ. ಆದರೂ ಅಲ್ಲಿ ನಡೆಯುವುದೇನು ಎಂದು ಕೇಳಿದರೆ ‘ಏನೋ ಲೆಕ್ಕಪತ್ರ’ ಎಂದು ಸುಮ್ಮನಾಗುತ್ತೇವೆ. ಆ ಲೆಕ್ಕಪತ್ರದ ಕಥೆಯೇ ಈ ಸಲದ ಇತಿಹಾಸ ಅಂಕಣ.

ಕಥೆ ಶುರುವಾಗುವುದು 1857ರ ದಂಗೆಯ ನಂತರ. ಕಂಪನಿ ಆಡಳಿತ ಹೋಗಿ ರಾಣಿಯ ಆಡಳಿತ ಬಂತು. ಯುದ್ಧದ ಖರ್ಚಿನಿಂದ ಬೊಕ್ಕಸ ಬರಿದಾಗಿತ್ತು. ಲಂಡನ್ನಿನಿಂದ ಬಂದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ದೇಶದ ಮೊದಲ ಬಜೆಟ್ ಮಂಡಿಸಿದ. ಆದಾಯ ತೆರಿಗೆ ಬಂದದ್ದೂ ಆಗಲೇ. ಅದೇ ವರ್ಷ ಎಡ್ವರ್ಡ್ ಡ್ರಮಂಡ್ ಎಂಬಾತ ಮೊದಲ ಆಡಿಟರ್ ಜನರಲ್ ಆದ. ತೆರಿಗೆ ಕೇಳುವವನೂ ಲೆಕ್ಕ ಕೇಳುವವನೂ ಒಂದೇ ವರ್ಷ ಬಂದರು ಅನ್ನಿ.

ಆದರೆ ಒಂದು ಕೊರತೆ ಇತ್ತು. ಈ ಆಡಿಟರ್ ಸರ್ಕಾರದ ನೌಕರನೇ. ಲೆಕ್ಕ ಬರೆಯುವುದೂ ಅವನ ಇಲಾಖೆ, ತಪ್ಪು ಹುಡುಕುವುದೂ ಅವನ ಇಲಾಖೆ. ಯಜಮಾನನ ಸಂಬಳ ತಿಂದು ಯಜಮಾನನ ತಪ್ಪು ಹೇಳುವುದು ಎಷ್ಟು ಕಷ್ಟ ಎಂದು ನೌಕರಿಯಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಗಂಟು ಬಿಚ್ಚುವುದಕ್ಕೆ ತೊಂಬತ್ತು ವರ್ಷ ಹಿಡಿಯಿತು. 1919ರ ಕಾಯಿದೆ ಆಡಿಟರ್ ಜನರಲ್ ಹುದ್ದೆಯನ್ನು ಭಾರತ ಸರ್ಕಾರದ ಹಿಡಿತದಿಂದ ಹೊರಗಿಟ್ಟಿತು. 1935ರ ಕಾಯಿದೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ, 1949ರ ಮೇ ತಿಂಗಳಲ್ಲಿ, ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದನ್ನು ಸಂವಿಧಾನದ ಬಹುಶಃ ಅತಿ ಮುಖ್ಯ ಹುದ್ದೆ ಎಂದು ಬಣ್ಣಿಸಿದರು. ಹೊಣೆ ನ್ಯಾಯಾಂಗಕ್ಕಿಂತ ದೊಡ್ಡದು, ಆದರೆ ನ್ಯಾಯಾಂಗಕ್ಕೆ ಇರುವಷ್ಟು ಸ್ವಾತಂತ್ರ್ಯ ಇದಕ್ಕೆ ಸಿಕ್ಕಿಲ್ಲ ಎಂದು ಅವರು ಕೊರಗಿದ್ದೂ ಉಂಟು.

ಇವತ್ತು ನಾವು ಸಿಎಜಿ ಎಂದು ಕರೆಯುವ ಮಹಾಲೆಕ್ಕ ಪರಿಶೋಧಕರ ಬೇಲಿ ಹೀಗಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯುವ ರೀತಿಯಲ್ಲೇ ಹೊರತು ಅವರನ್ನು ತೆಗೆಯುವಂತಿಲ್ಲ. ಅವರ ಸಂಬಳ ಸಂಸತ್ತಿನ ಮತಕ್ಕೆ ಬೀಳುವುದಿಲ್ಲ. ನಿವೃತ್ತಿಯ ನಂತರ ಕೇಂದ್ರ ಅಥವಾ ರಾಜ್ಯ ಸರ್ಕಾರದ ಕೆಳಗೆ ಬೇರೆ ಹುದ್ದೆ ಹಿಡಿಯುವಂತಿಲ್ಲ. ಮುಂದೆ ಸಿಗಬಹುದಾದ ಕುರ್ಚಿಯ ಆಸೆಗೆ ಇಂದಿನ ಲೇಖನಿ ಬಾಗಬಾರದು ಎಂಬುದು ಇದರ ಉದ್ದೇಶ. ಕೇಂದ್ರದ ಮಟ್ಟಿಗೆ ಲೆಕ್ಕ ಬರೆಯುವ ಕೆಲಸವನ್ನೂ ಲೆಕ್ಕ ನೋಡುವ ಕೆಲಸವನ್ನೂ 1976ರಲ್ಲಿ ಬೇರೆ ಮಾಡಿದರು.

ಇಷ್ಟೆಲ್ಲ ಇದ್ದರೂ ಸಿಎಜಿ ಕೈಯಲ್ಲಿ ಬೆತ್ತವಿಲ್ಲ. ಯಾರನ್ನೂ ಬಂಧಿಸುವಂತಿಲ್ಲ, ದಂಡ ಹಾಕುವಂತಿಲ್ಲ. ಖರ್ಚಾದ ಮೇಲೆ ಕಡತ ನೋಡಿ ವರದಿ ಬರೆಯುವುದಷ್ಟೇ. ಅದು ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ ಹೋಗಿ, ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಬರುತ್ತದೆ. 1921ರಲ್ಲಿ ಈ ಸಮಿತಿ ಹುಟ್ಟಿದಾಗ ಸರ್ಕಾರದ ಹಣಕಾಸು ಸದಸ್ಯನೇ ಅಧ್ಯಕ್ಷ! 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿ ಬಂತು.

ವರದಿಯನ್ನು ಯಾರೂ ಕೈಗೆತ್ತಿಕೊಳ್ಳದಿದ್ದರೆ ಏನಾಗುತ್ತದೆ? ಮೊದಲ ಪಾಠ ಬೇಗನೆ ಸಿಕ್ಕಿತು. 1948ರಲ್ಲಿ ಸೈನ್ಯಕ್ಕೆಂದು ಲಂಡನ್ನಿನ ಹೈಕಮಿಷನ್ ಮೂಲಕ ಜೀಪು ಕೊಂಡ ವ್ಯವಹಾರಕ್ಕೆ ಆಕ್ಷೇಪಣೆ ಎದ್ದಿತು, ಸಂಸತ್ತಿನಲ್ಲೂ ಗದ್ದಲವಾಯಿತು. 1955ರಲ್ಲಿ ಸರ್ಕಾರ ಕಡತ ಮುಚ್ಚಿತು. ಆಗ ಹೈಕಮಿಷನರ್ ಆಗಿದ್ದ ಕೃಷ್ಣ ಮೆನನ್ 1956ರಲ್ಲಿ ಕೇಂದ್ರ ಮಂತ್ರಿಯಾದರು.

ವರದಿಗೆ ಕಿವಿಗೊಟ್ಟರೆ? 1986ರ ಬೋಫೋರ್ಸ್ ಫಿರಂಗಿ ಖರೀದಿಯಲ್ಲಿ ಲಂಚದ ಸುದ್ದಿಯನ್ನು 1987ರ ಏಪ್ರಿಲ್‌ನಲ್ಲಿ ಮೊದಲು ಹೊರಹಾಕಿದ್ದು ಸ್ವೀಡನ್ನಿನ ರೇಡಿಯೊ. ನಾವು ರೇಡಿಯೊದವರು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇವೆ! ಫಿರಂಗಿಯನ್ನು ಆರಿಸಿದ ಕ್ರಮವನ್ನೇ ಪ್ರಶ್ನಿಸಿದ ಸಿಎಜಿ ವರದಿ 1989ರ ಜುಲೈನಲ್ಲಿ ಸಂಸತ್ತಿಗೆ ಬಂತು. ವಿರೋಧ ಪಕ್ಷಗಳ ಸದಸ್ಯರು ಸಾಮೂಹಿಕವಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಆ ವರ್ಷದ ಚುನಾವಣೆಯಲ್ಲಿ ಸರ್ಕಾರ ಸೋತಿತು. ಆಗ ಸಿಎಜಿ ಆಗಿದ್ದ ಟಿ.ಎನ್. ಚತುರ್ವೇದಿ ಮುಂದೆ ಬಿಜೆಪಿಯಿಂದ ರಾಜ್ಯಸಭೆಗೆ ಹೋದರು, 2002ರಿಂದ 2007ರವರೆಗೆ ನಮ್ಮ ಕರ್ನಾಟಕದ ರಾಜ್ಯಪಾಲರೂ ಆಗಿದ್ದರು. ಕಾನೂನಿನ ಕಣ್ಣಲ್ಲಿ ಇವು ಸರ್ಕಾರದ ಕೆಳಗಿನ ನೌಕರಿಗಳಲ್ಲ. ಆದರೂ ಬೇಲಿಯ ಉದ್ದೇಶ ನೆನೆದವರಿಗೆ ಒಂದು ಪ್ರಶ್ನೆ ಉಳಿಯದೆ ಇರಲಿಲ್ಲ. ಅವರ ನಂತರ, 1990ರಿಂದ 1996ರವರೆಗೆ ಆ ಸ್ಥಾನದಲ್ಲಿದ್ದವರು ಕೊಡಗಿನ ಸಿ.ಜಿ. ಸೋಮಯ್ಯ ಎಂಬುದು ನಮಗೆ ಸಂತೋಷದ ಸಂಗತಿ.

ಮೂರನೆಯ ಪಾಠ 2ಜಿ ತರಂಗಾಂತರದ್ದು. 2010ರ ವರದಿ ಅಂದಾಜು ನಷ್ಟವನ್ನು 1.76 ಲಕ್ಷ ಕೋಟಿ ರೂಪಾಯಿವರೆಗೂ ಎಣಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. ಆದರೆ 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಹಾಗಾದರೆ ಯಾರು ಸರಿ? ಆಡಿಟ್ ವರದಿ ತೀರ್ಪಲ್ಲ, ಪ್ರಶ್ನೆ. ಅದನ್ನೇ ಶಿಕ್ಷೆ ಎಂದುಕೊಳ್ಳುವುದೂ ತಪ್ಪು, ಖುಲಾಸೆಯಾಯಿತೆಂದು ಪ್ರಶ್ನೆಯನ್ನೇ ಬಿಸಾಡುವುದೂ ತಪ್ಪು.

ಬೇಲಿಯಲ್ಲಿ ಒಂದು ಕಿಂಡಿ ಇಂದಿಗೂ ಉಳಿದಿದೆ. ಕೇಂದ್ರ ಜಾಗೃತ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರೂ ಕೂರುತ್ತಾರೆ. ಸಿಎಜಿ ಆಯ್ಕೆಗೆ ಅಂಥ ಸಮಿತಿಯಿಲ್ಲ. ರಾಷ್ಟ್ರಪತಿಗಳ ಅಂಕಿತ ಬೀಳುವುದು ಸರ್ಕಾರ ಸೂಚಿಸಿದ ಹೆಸರಿಗೇ. ಲೆಕ್ಕ ಕೊಡಬೇಕಾದವರೇ ಲೆಕ್ಕ ಕೇಳುವವರನ್ನು ಆರಿಸುತ್ತಾರೆ.

ಮಿತ್ರರೇ, ಕಿರಾಣಿ ಅಂಗಡಿಯ ಚೀಟಿಯನ್ನು ನಾವು ಎರಡು ಸಲ ಕೂಡಿ ನೋಡುತ್ತೇವೆ. ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಗಳೂ ಎಲ್ಲರಿಗೂ ಓದಲು ಸಿಗುತ್ತವೆ. ಅದರಲ್ಲಿರುವುದು ನಮ್ಮ ದುಡ್ಡಿನ ಚೀಟಿಯೇ. ಬಿಡುವಾದಾಗ ನಿಮ್ಮ ನಗರಕ್ಕೆ ಸಂಬಂಧಿಸಿದ ಒಂದು ಪುಟವನ್ನಾದರೂ ಓದಿ. ಓದಿದ್ದು ಏನನಿಸಿತು ಎಂದು ನಮಗೆ ನಾಲ್ಕು ಸಾಲು ಬರೆಯಿರಿ.

ಮತ್ತೆ ಭೇಟಿಯಾಗೋಣ.