ಮೊಳಕೆಗೆ ಕಟ್ಟಿದ ಬೆಲೆ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎನ್ನುವ ಗಾದೆಯನ್ನು ನಾವು ಅನುಮಾನವಿಲ್ಲದೆ ಬಳಸುತ್ತೇವೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಲೋಕ ಇದೇ ನಂಬಿಕೆಯ ಮೇಲೆ ಒಂದು ದೊಡ್ಡ ಉದ್ಯಮವನ್ನೇ ಕಟ್ಟಿದೆ. ಅಲ್ಲಿ ಹದಿನಾರು, ಹದಿನೇಳು ವರ್ಷದ ಹುಡುಗರಿಗೆ ಶ್ರೇಯಾಂಕ ಕೊಡುತ್ತಾರೆ, ಹೆಸರಿನ ಪಕ್ಕ ನಕ್ಷತ್ರಗಳನ್ನು ಹಾಕುತ್ತಾರೆ. ವಿಶ್ವವಿದ್ಯಾಲಯಗಳು ಸ್ಕಾಲರ್‌ಶಿಪ್ ಕೊಟ್ಟು ಅವರನ್ನು ತಮ್ಮ ತಂಡಕ್ಕೆ ಸೆಳೆದುಕೊಳ್ಳುತ್ತವೆ. ಹೀಗೆ ಸೇರಿದವನೇ ‘ರಿಕ್ರೂಟ್’. ಕೆಲವು ವರ್ಷಗಳಾದ ಮೇಲೆ ಅದೇ ಹಳೆಯ ಪಟ್ಟಿಯನ್ನು ಮುಂದಿಟ್ಟುಕೊಂಡು, ಇವನು ನಿರೀಕ್ಷೆ ಉಳಿಸಿಕೊಂಡ, ಅವನು ಹುಸಿಯಾದ ಎಂದು ತೀರ್ಪು ಬರೆಯುತ್ತಾರೆ.

ನನ್ನ ಕುತೂಹಲ ಇರುವುದು ಈ ತೀರ್ಪಿನ ಮೇಲೆ. ಸುಮಾರು ಅರವತ್ತು ವರ್ಷಗಳ ಈ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅನಿಸಿದ್ದಿಷ್ಟು: ಹುಡುಗರ ಪ್ರತಿಭೆ ಎಲ್ಲ ಕಾಲದಲ್ಲೂ ಇತ್ತು. ಬದಲಾಗುತ್ತ ಬಂದದ್ದು ಅವರಿಗೆ ಬೆಳೆಯಲು ಕೊಟ್ಟ ಕಾಲಾವಕಾಶ.

ಅಳೆಯುವವರು ಯಾರು ಎಂಬಲ್ಲಿಂದ ಶುರು ಮಾಡೋಣ. 1960ರ ದಶಕದಲ್ಲಿ ನ್ಯೂಯಾರ್ಕಿನ ಹೋವರ್ಡ್ ಗಾರ್ಫಿಂಕೆಲ್ ಎಂಬಾತ ಹೈಸ್ಕೂಲು ಆಟಗಾರರ ಬಗ್ಗೆ ಟಿಪ್ಪಣಿ ಬರೆದು ಕಾಲೇಜು ಕೋಚ್‌ಗಳಿಗೆ ಕಳಿಸುತ್ತಿದ್ದ. 1966ರಲ್ಲಿ ‘ಫೈವ್ ಸ್ಟಾರ್’ ಎಂಬ ಬೇಸಿಗೆ ಶಿಬಿರವನ್ನೂ ಜೊತೆಗಾರನೊಂದಿಗೆ ಸೇರಿ ಆರಂಭಿಸಿದ. 1978ರಲ್ಲಿ ಮೆಕ್‌ಡೊನಾಲ್ಡ್ಸ್ ಹೆಸರಿನಲ್ಲಿ ದೇಶದ ಆಯ್ದ ಹೈಸ್ಕೂಲು ಹುಡುಗರ ವಾರ್ಷಿಕ ಪಂದ್ಯ ಶುರುವಾಯಿತು. ಒಬ್ಬನ ಕಣ್ಣಂದಾಜಿನಲ್ಲಿ ಇದ್ದದ್ದು ಹೀಗೆ ಮೆಲ್ಲಗೆ ದೇಶದ ಅಂದಾಜಾಯಿತು. ಮುಂದೆ ಹತ್ತಾರು ಪಟ್ಟಿಗಳು ಬಂದು, ಆ ಪಟ್ಟಿಗಳ ಸರಾಸರಿ ತೆಗೆಯುವ ಇನ್ನೊಂದು ಪಟ್ಟಿಯೂ ಹುಟ್ಟಿಕೊಂಡಿತು.

ಹಳೆಯ ಕಾಲದಲ್ಲಿ ಒಂದು ನಿಯಮವಿತ್ತು. ಮೊದಲ ವರ್ಷದ ವಿದ್ಯಾರ್ಥಿ ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. 1965ರಲ್ಲಿ ಲ್ಯೂ ಅಲ್ಸಿಂಡರ್ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ ಬಂದಾಗ ಅವನ ಸುತ್ತಲಿನ ನಿರೀಕ್ಷೆ ಸಣ್ಣದಾಗಿರಲಿಲ್ಲ. ಆ ನವೆಂಬರಿನಲ್ಲಿ ಮೊದಲ ವರ್ಷದವರ ತಂಡ ತಮ್ಮದೇ ಕಾಲೇಜಿನ ಮುಖ್ಯ ತಂಡದ ವಿರುದ್ಧ ಆಡಿತು. ಮುಖ್ಯ ತಂಡ ಎಂದರೆ ಸತತ ಎರಡು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ. ಹುಡುಗರು 75-60ರಿಂದ ಗೆದ್ದರು. ಅಲ್ಸಿಂಡರ್ ಒಬ್ಬನೇ 31 ಅಂಕ ಗಳಿಸಿದ. ಹೀಗಿದ್ದೂ ಇಡೀ ವರ್ಷ ಅವನು ಕಾಯಬೇಕಾಯಿತು. ಆಮೇಲಿನ ಮೂರು ವರ್ಷಗಳಲ್ಲಿ ಯುಸಿಎಲ್‌ಎ 88 ಪಂದ್ಯ ಗೆದ್ದು ಎರಡೇ ಸೋತಿತು, ಮೂರು ವರ್ಷವೂ ಚಾಂಪಿಯನ್ ಆಯಿತು. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದವನು ಇವನೇ. ನಿರೀಕ್ಷೆ ಪೂರ್ತಿಯಾಗಿ ಈಡೇರಿದ ಉದಾಹರಣೆ ಕೇಳಿದರೆ ಎಲ್ಲರೂ ಇವನ ಹೆಸರನ್ನೇ ಹೇಳುತ್ತಾರೆ. ಆದರೆ ಯಾರೂ ತೀರ್ಪು ಬರೆಯದ ಒಂದು ವರ್ಷ ಅವನಿಗೆ ಸಿಕ್ಕಿತ್ತು ಎಂಬುದನ್ನೂ ನೆನಪಿಡಬೇಕು. 1972ರಲ್ಲಿ ಆ ನಿಯಮ ಹೋಯಿತು.

ಆಮೇಲಿನ ಕಾಲದವನು ರಾಲ್ಫ್ ಸ್ಯಾಂಪ್ಸನ್. ಏಳು ಅಡಿ ನಾಲ್ಕು ಅಂಗುಲದ ಈ ಹುಡುಗ 1979ರಲ್ಲಿ ತನ್ನದೇ ರಾಜ್ಯದ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿದ. ಒಂದು ವರ್ಷ ಆಡುವಷ್ಟರಲ್ಲಿ ವೃತ್ತಿಪರ ತಂಡ ಬಾಸ್ಟನ್ ಸೆಲ್ಟಿಕ್ಸ್ ಅವನನ್ನು ಕರೆಯಿತು. ಅವನು ಹೋಗಲಿಲ್ಲ, ನಾಲ್ಕು ವರ್ಷವೂ ಕಾಲೇಜಿನಲ್ಲೇ ಉಳಿದ. ಸತತ ಮೂರು ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡ. ಆದರೂ ಅವನ ಕಾಲೇಜು ದಿನಗಳ ಬಗ್ಗೆ ಬರೆಯುವವರು ಎರಡು ಮಾತು ಬಿಡುವುದಿಲ್ಲ. ಅವನು ಎನ್‌ಸಿಎಎ ಚಾಂಪಿಯನ್‌ಶಿಪ್ ಗೆಲ್ಲಲಿಲ್ಲ. 1982ರ ಡಿಸೆಂಬರಿನಲ್ಲಿ ಹವಾಯಿಯ ಶಮಿನಾಡ್ ಎಂಬ ಪುಟ್ಟ ಕಾಲೇಜಿನ ಎದುರು ದೇಶದ ನಂಬರ್ ಒನ್ ತಂಡವಾಗಿದ್ದ ವರ್ಜೀನಿಯಾ 77-72ರಿಂದ ಸೋತಿತು. ಅವನು ಬಿಟ್ಟುಹೋದ ಮರುವರ್ಷವೇ ಅದೇ ವರ್ಜೀನಿಯಾ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು ಎಂಬುದನ್ನೂ ಕೊಂಕಿನಿಂದಲೇ ಸೇರಿಸುತ್ತಾರೆ.

ಇಲ್ಲಿ ನಾನು ಕೇಳುವುದು, ಸ್ಯಾಂಪ್ಸನ್ ಯಾರ ನಿರೀಕ್ಷೆಯನ್ನು ಹುಸಿ ಮಾಡಿದ ಎಂದು. ಅವನು ಸೇರುವ ಮುನ್ನ ವರ್ಜೀನಿಯಾ ಇಡೀ ದೇಶ ಹೆದರುವ ತಂಡವಾಗಿರಲಿಲ್ಲ; ಅವನಿಂದ ಹಾಗಾಯಿತು. ಟೂರ್ನಿಯಲ್ಲಿ ಒಂದು ರಾತ್ರಿ ಸೋತರೆ ಮನೆಗೆ. ಅಂಥ ಒಂದು ರಾತ್ರಿಯನ್ನು ನಾಲ್ಕು ವರ್ಷಗಳ ಮೇಲೆ ಹೇರಿದಾಗ ಗೆಲುವೆಲ್ಲ ಮೊದಲೇ ಕೊಟ್ಟ ಸಾಲದ ವಸೂಲಿಯಂತೆ ಕಾಣುತ್ತದೆ, ಸೋಲೊಂದೇ ಸುದ್ದಿಯಾಗುತ್ತದೆ.

ಫೆಲಿಪೆ ಲೋಪೆಸ್‌ನ ಕಥೆ ಇನ್ನೂ ಭಾರವಾದದ್ದು. ಡೊಮಿನಿಕನ್ ಗಣರಾಜ್ಯದಿಂದ ಹದಿಹರೆಯದಲ್ಲಿ ನ್ಯೂಯಾರ್ಕಿಗೆ ಬಂದ ಹುಡುಗ ಅವನು. 1994ರಲ್ಲಿ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯಕ್ಕೆ ಸೇರಿ ಒಂದೂ ಕಾಲೇಜು ಪಂದ್ಯ ಆಡುವ ಮೊದಲೇ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ. ನಗರದ ಡೊಮಿನಿಕನ್ ವಲಸಿಗರಿಗೆ ಅವನು ತಮ್ಮ ಮನೆಮಗ. ಕಾಲೇಜಿಗೆ ಹಳೆಯ ವೈಭವ ಮರಳಿಸುವವನೂ ಅವನೇ ಆಗಬೇಕಿತ್ತು. ನಾಲ್ಕು ವರ್ಷಗಳಲ್ಲಿ ಅವನು 1,900ಕ್ಕೂ ಹೆಚ್ಚು ಅಂಕ ಗಳಿಸಿದ. ಆ ಕಾಲೇಜಿನ ಚರಿತ್ರೆಯಲ್ಲೇ ಅಷ್ಟು ಗಳಿಸಿದವರು ಬೆರಳೆಣಿಕೆಯವರು. 1998ರ ಡ್ರಾಫ್ಟ್‌ನಲ್ಲಿ, ಎಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ದಿನ, 24ನೆಯವನಾಗಿ ಆಯ್ಕೆಯಾದ. ನಾಲ್ಕು ಸೀಸನ್ ಎನ್‌ಬಿಎ ಆಡಿದ. ಇದನ್ನು ಸೋಲು ಎನ್ನಲು ಆ ಮುಖಪುಟವನ್ನು ಪಕ್ಕದಲ್ಲಿ ಇಡಲೇಬೇಕು. ಮುಖಪುಟ ಇರದಿದ್ದರೆ ವಲಸೆ ಬಂದ ಹುಡುಗನೊಬ್ಬ ಬದುಕು ಕಟ್ಟಿಕೊಂಡ ಒಳ್ಳೆಯ ಕಥೆ ಇದು.

ಪಟ್ಟಿ ಮಾಡುವವರಿಗೂ ನ್ಯಾಯ ಸಲ್ಲಬೇಕು. ಅವರು ಹೇಳಿದ್ದು ಬಹಳ ಸಲ ನಿಜವಾಗಿದೆ. ಮ್ಯಾಜಿಕ್ ಜಾನ್ಸನ್, ಪ್ಯಾಟ್ರಿಕ್ ಯೂಯಿಂಗ್ ಮೊದಲಾದವರ ಬಗ್ಗೆ ಅವರ ಅಂದಾಜು ತಪ್ಪಲಿಲ್ಲ. ಎಡವುದು ಸಾಮಾನ್ಯವಾಗಿ ತಡವಾಗಿ ಬೆಳೆಯುವವರ ವಿಷಯದಲ್ಲಿ. 1978ರಲ್ಲಿ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಮೈಕೆಲ್ ಜೋರ್ಡಾನ್‌ನನ್ನು ಹೈಸ್ಕೂಲಿನ ಕಿರಿಯರ ತಂಡಕ್ಕೆ ಹಾಕಿ, ಆರೂವರೆ ಅಡಿ ಮೀರಿದ ಅವನ ಗೆಳೆಯನನ್ನು ಮುಖ್ಯ ತಂಡಕ್ಕೆ ತೆಗೆದುಕೊಂಡರು. ಜೋರ್ಡಾನ್ ಆಗಿನ್ನೂ ಗಿಡ್ಡ. 1980ರ ಬೇಸಿಗೆಯಲ್ಲಿ ಗಾರ್ಫಿಂಕೆಲ್‌ನ ಶಿಬಿರಕ್ಕೆ ಹೋದಾಗಲೇ ದೇಶಕ್ಕೆ ಅವನ ಪರಿಚಯವಾದದ್ದು. ಟಿಮ್ ಡಂಕನ್ ವರ್ಜಿನ್ ದ್ವೀಪಗಳಲ್ಲಿ ಈಜುಗಾರನಾಗಿದ್ದ. 1989ರ ಚಂಡಮಾರುತ ಅವನು ಅಭ್ಯಾಸ ಮಾಡುತ್ತಿದ್ದ ಈಜುಕೊಳವನ್ನು ಹಾಳುಗೆಡವಿದ ಮೇಲೆ ಬಾಸ್ಕೆಟ್‌ಬಾಲಿನತ್ತ ಹೊರಳಿದ. ಹೆಚ್ಚು ಕಾಲೇಜುಗಳು ಅವನನ್ನು ಹುಡುಕಿಕೊಂಡು ಹೋಗಲಿಲ್ಲ. ವೇಕ್ ಫಾರೆಸ್ಟ್‌ನಲ್ಲಿ ನಾಲ್ಕು ವರ್ಷ ಕಲಿತು 1997ರ ಡ್ರಾಫ್ಟ್‌ನಲ್ಲಿ ಮೊದಲಿಗನಾದ. ಸ್ಟೀಫನ್ ಕರಿಗೆ ತಂದೆ ಓದಿದ ವಿಶ್ವವಿದ್ಯಾಲಯವೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಡೇವಿಡ್ಸನ್ ಎಂಬ ಸಣ್ಣ ಕಾಲೇಜಿಗೆ ಹೋದ. ಹದಿನಾರರ ಮೈ ಇನ್ನೂ ಮುಗಿಯದ ವಾಕ್ಯ. ಅದನ್ನು ಓದಿ ಅರ್ಥ ಹೇಳುವವರು ಅವಸರದಲ್ಲಿರುತ್ತಾರೆ.

ಈ ಅವಸರದ ಬೆಲೆ ತೆರುವವರು ಯಾರು ಎಂದು ತಿಳಿಯಲು 1994ರ ‘ಹೂಪ್ ಡ್ರೀಮ್ಸ್’ ಸಾಕ್ಷ್ಯಚಿತ್ರ ನೋಡಬೇಕು. ಶಿಕಾಗೋದ ಬಡ ಕಪ್ಪು ಕುಟುಂಬಗಳ ಇಬ್ಬರು ಹುಡುಗರು, ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಎಜಿ, ಹದಿನಾಲ್ಕರ ವಯಸ್ಸಿನಲ್ಲಿ ಆಟದ ಕಾರಣಕ್ಕೇ ಊರಾಚೆಯ ಖಾಸಗಿ ಹೈಸ್ಕೂಲಿಗೆ ಆಯ್ಕೆಯಾಗುತ್ತಾರೆ. ಎಜಿಯ ಆಟ ನಿರೀಕ್ಷೆಯಂತೆ ಬೆಳೆಯಲಿಲ್ಲ, ಮನೆಯವರಿಂದ ಫೀಸು ಕಟ್ಟಲಾಗಲಿಲ್ಲ, ಶಾಲೆ ಬಿಡಬೇಕಾಯಿತು. ಗೇಟ್ಸ್ ಶಾಲೆಯ ಕಣ್ಮಣಿಯಾದ, ಆಮೇಲೆ ಮೊಣಕಾಲು ಕೈಕೊಟ್ಟಿತು. ಕೊನೆಗೆ ರಾಜ್ಯ ಟೂರ್ನಿಯಲ್ಲಿ ಮೂರನೇ ಸ್ಥಾನದವರೆಗೆ ಹೋದದ್ದು ಎಜಿ ಸೇರಿಕೊಂಡ ಸರ್ಕಾರಿ ಶಾಲೆಯ ತಂಡ. ಒಂದು ಕುಟುಂಬದ ಮುಂದಿನ ದಿನಗಳು ಹುಡುಗನ ಮೊಣಕಾಲಿನ ಮೇಲೆ ನಿಂತಿರುವಾಗ ‘ನಿರೀಕ್ಷೆ’ ಎಂಬ ಪದಕ್ಕೆ ಬರುವ ತೂಕವನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ. 2021ರವರೆಗೆ ಕಾಲೇಜು ಆಟಗಾರ ತನ್ನ ಹೆಸರಿನಿಂದ ಜಾಹೀರಾತಿನ ದುಡ್ಡನ್ನೂ ಪಡೆಯುವಂತಿರಲಿಲ್ಲ. ಅವನ ಆಟದಿಂದ ಕೋಚ್‌ಗಳು, ಟಿವಿ ವಾಹಿನಿಗಳು, ಬೂಟಿನ ಕಂಪನಿಗಳು ಮಾತ್ರ ಗಳಿಸುತ್ತಿದ್ದರು.

ಹೊಸ ಶತಮಾನದಲ್ಲಿ ಗಡಿಯಾರ ಇನ್ನಷ್ಟು ಜೋರಾಗಿ ಓಡತೊಡಗಿತು. ಹೈಸ್ಕೂಲಿನಿಂದ ನೇರವಾಗಿ ಬರುವವರನ್ನು ಎನ್‌ಬಿಎ 2006ರ ಡ್ರಾಫ್ಟ್‌ನಿಂದ ತಡೆಯಿತು. ಅಮೆರಿಕದ ಹುಡುಗ ಹೈಸ್ಕೂಲು ಮುಗಿಸಿ ಒಂದು ವರ್ಷವಾದರೂ ಕಾಯಬೇಕು ಎಂದಿತು. ಹಾಗಾಗಿ ಶ್ರೇಷ್ಠ ಆಟಗಾರರು ಕಾಲೇಜಿಗೆ ಒಂದೇ ವರ್ಷದ ಅತಿಥಿಗಳಾದರು. ಅಲ್ಸಿಂಡರ್ ಯಾರ ಲೆಕ್ಕಕ್ಕೂ ಬಾರದೆ ಕಾದಿದ್ದ ಆ ಮೊದಲ ವರ್ಷವೇ ಈಗ ಇಡೀ ಪರೀಕ್ಷೆ. ಆಂಥೋನಿ ಡೇವಿಸ್ 2012ರಲ್ಲಿ ಕೆಂಟಕಿಗೆ ಒಂದೇ ವರ್ಷದಲ್ಲಿ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ. ಹೈಸ್ಕೂಲಿನ ನಡುವೆ ಸುಮಾರು ಎಂಟು ಅಂಗುಲ ಬೆಳೆಯುವ ತನಕ ಅವನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫೈನಲಿನಲ್ಲಿ ಅವನು ಹತ್ತು ಸಲ ಗುರಿಯಿಟ್ಟು ಒಂದೇ ಸಲ ಬುಟ್ಟಿಗೆ ಹಾಕಿದ, ಗಳಿಸಿದ್ದು 6 ಅಂಕ. ಆದರೆ 16 ರೀಬೌಂಡ್ ಹಿಡಿದು, ಎದುರಾಳಿಗಳ 6 ಹೊಡೆತ ತಡೆದು ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡ. ಅಂಕಗಳನ್ನಷ್ಟೇ ಓದುವವನಿಗೆ ಆ ರಾತ್ರಿ ಅರ್ಥವಾಗುವುದಿಲ್ಲ.

2019ರಲ್ಲಿ ಇದೇ ಪಾಠ ಇನ್ನೊಂದು ಬಗೆಯಲ್ಲಿ ಬಂತು. ಜಯಾನ್ ವಿಲಿಯಮ್ಸನ್, ಆರ್.ಜೆ. ಬ್ಯಾರೆಟ್, ಕ್ಯಾಮ್ ರೆಡಿಷ್: ಆ ಸಾಲಿನ ಪಟ್ಟಿಯ ತುದಿಯಲ್ಲಿದ್ದ ಮೂವರೂ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದರು. ಮಿಷಿಗನ್ ಸ್ಟೇಟ್ ಎದುರು ಒಂದೇ ಅಂಕದಿಂದ, 68-67ರಿಂದ ಸೋತು ಅವರು ಕೊನೆಯ ನಾಲ್ಕನ್ನೂ ತಲುಪಲಿಲ್ಲ. ಗೆದ್ದದ್ದು ವರ್ಜೀನಿಯಾ. ಸ್ಯಾಂಪ್ಸನ್‌ನ ಕೈಗೆ ಸಿಗದ ಚಾಂಪಿಯನ್‌ಶಿಪ್ ಅವನು ಬಿಟ್ಟು 36 ವರ್ಷಗಳ ಮೇಲೆ ಆ ವಿಶ್ವವಿದ್ಯಾಲಯಕ್ಕೆ ಮೊದಲ ಸಲ ಬಂತು. ಹಿಂದಿನ ವರ್ಷ ಇದೇ ತಂಡ ಮೊದಲ ಸುತ್ತಿನಲ್ಲೇ 16ನೇ ಶ್ರೇಯಾಂಕದ ಯುಎಂಬಿಸಿ ತಂಡಕ್ಕೆ 20 ಅಂಕಗಳಿಂದ ಸೋತು ನಗೆಪಾಟಲಾಗಿತ್ತು. ಅಗ್ರ ಶ್ರೇಯಾಂಕದ ಪುರುಷರ ತಂಡಕ್ಕೆ ಅಂಥ ಸೋಲು ಅದೇ ಮೊದಲು.

ಫೈನಲಿನಲ್ಲಿ ವರ್ಜೀನಿಯಾ ಪರ 27 ಅಂಕ ಗಳಿಸಿದವನು ಡೀಆಂಡ್ರೆ ಹಂಟರ್. ಅವನು ಕಾಲೇಜಿಗೆ ಬಂದ ಮೊದಲ ವರ್ಷ ಒಂದೂ ಪಂದ್ಯ ಆಡಲಿಲ್ಲ. ಅಭ್ಯಾಸ ಮಾಡುತ್ತ ಬೆಂಚಿನ ಮೇಲೆ ಕೂತು ಕಲಿತ. ಆ ವರ್ಷದ ಕೊನೆಯಲ್ಲಿ ತೀರ್ಪು ಬರೆದಿದ್ದರೆ ಅವನ ಹೆಸರಿನ ಮುಂದೆ ಸೊನ್ನೆ ಇರುತ್ತಿತ್ತು.