ಕಾಯಿದೆ ಇತ್ತು, ಕುರ್ಚಿ ಖಾಲಿ!

ಸ್ಪರ್ಧಾ ಕಾಯಿದೆಗೆ ತಿದ್ದುಪಡಿ ಅಂದ್ರೆ ಪೇಪರಿನ ಪುಟ ತಿರುಗಿಸೋರೇ ಜಾಸ್ತಿ. ನಂಗೆ ಮಾತ್ರ ಅದರ ಹಿಂದಿನ ಕಥೆ ಬಲು ಇಷ್ಟ.

1969ರ ಎಂಆರ್‌ಟಿಪಿ ಕಾಯಿದೆಗೆ ಕಂಪನಿ ದೊಡ್ಡದಾಗೋದೇ ಅನುಮಾನದ ವಿಷಯ. ಆಸ್ತಿ 20 ಕೋಟಿ ರೂಪಾಯಿ ದಾಟಿದ್ರೆ ಕಾರ್ಖಾನೆ ವಿಸ್ತರಿಸೋಕೂ ದೆಹಲಿಯ ಅಪ್ಪಣೆ ಬೇಕು. 1985ರಲ್ಲಿ ಮಿತಿ 100 ಕೋಟಿಗೆ ಏರಿತು, 1991ರಲ್ಲಿ ಮಿತಿಯೇ ಹೋಯ್ತು. ಆಮೇಲೆ ರಾಘವನ್ ಸಮಿತಿ, 2002ರ ಹೊಸ ಕಾಯಿದೆ. ಎಷ್ಟು ಬೇಕಾದ್ರೂ ಬೆಳಿ, ಆದ್ರೆ ಒಳಒಪ್ಪಂದ ಮಾಡ್ಕೊಂಡು ಬೆಲೆ ಏರಿಸಬೇಡ ಅನ್ನೋ ಧೋರಣೆ.

ಎಡವಟ್ಟಾಗಿದ್ದು ಇಲ್ಲೇ. 2003ರಲ್ಲಿ ಸ್ಪರ್ಧಾ ಆಯೋಗವೇನೋ ಹುಟ್ಟಿತು. ಅಧ್ಯಕ್ಷರ ಕುರ್ಚಿಯಲ್ಲಿ ಅಧಿಕಾರಿ ಕೂರಬೇಕೋ ನ್ಯಾಯಾಧೀಶರೋ ಅಂತ ಸುಪ್ರೀಂ ಕೋರ್ಟಿನಲ್ಲಿ ಕೇಸು! ಕಾನೂನನ್ನೇ ತಿದ್ತೀವಿ ಅಂತ ಸರ್ಕಾರ ಹೇಳಿದ ಮೇಲೆ 2005ರಲ್ಲಿ ಅದು ಮುಗಿಯಿತು. 2007ರ ತಿದ್ದುಪಡಿಯಲ್ಲಿ ಆಯೋಗ ತಜ್ಞರಿಗೆ, ಮೇಲ್ಮನವಿಗೆ ನ್ಯಾಯಾಧೀಶರ ನೇತೃತ್ವದ ಬೇರೆ ಮಂಡಳಿ. ಒಳಒಪ್ಪಂದ ಹಿಡಿಯೋ ಅಧಿಕಾರ ಜಾರಿಗೆ ಬಂದಿದ್ದು 2009ರ ಮೇ 20ಕ್ಕೆ. ಅಲ್ಲೀತನಕ ಕಾವಲಿಗಿದ್ದದ್ದು ಹಳೇ ಎಂಆರ್‌ಟಿಪಿ ಆಯೋಗ. "ಇನ್ಮೇಲೆ ಹೀಗೆ ಮಾಡಬೇಡಿ" ಅಂತ ಆದೇಶ ಕೊಡಬಹುದಿತ್ತೇ ಹೊರತು ತಪ್ಪಿತಸ್ಥರಿಗೆ ದಂಡ ಹಾಕುವಂತಿರಲಿಲ್ಲ. ಆ ವರ್ಷಗಳಲ್ಲಿ ಗ್ರಾಹಕರ ಜೇಬಿಗೆ ಎಷ್ಟು ಕತ್ತರಿ ಬಿತ್ತೋ, ಲೆಕ್ಕ ಇಟ್ಟವರ್ಯಾರು...

2023ರ ತಿದ್ದುಪಡಿ ಇನ್ನೂ ಖಾರ. ದಂಡವನ್ನ ಕಂಪನಿಯ ಜಾಗತಿಕ ವಹಿವಾಟಿನ ಮೇಲೆ ಲೆಕ್ಕ ಹಾಕಬಹುದು. ಆದ್ರೆ ಆ ಏಪ್ರಿಲ್‌ನಲ್ಲಿ ಸಂಸತ್ತು ಅದನ್ನ ಪಾಸು ಮಾಡುವಾಗ ಆಯೋಗಕ್ಕೆ ಪೂರ್ಣಾವಧಿ ಅಧ್ಯಕ್ಷರೇ ಇರಲಿಲ್ಲ! ಹಿಂದಿನವರು 2022ರ ಅಕ್ಟೋಬರಿನಲ್ಲಿ ನಿವೃತ್ತರಾದಾಗ ಉಳಿದಿದ್ದು ಇಬ್ಬರೇ ಸದಸ್ಯರು, ಕೋರಂಗೆ ಮೂವರು ಬೇಕು. ಹೊಸಬರು ಬಂದಿದ್ದು 2023ರ ಮೇ ತಿಂಗಳಲ್ಲಿ.